ಜ್ವರದ ಬ್ರೆಡ್ಡು, ಖಾರದ ಬನ್ನು

ಮೊನ್ನೆ ಬೇಕರಿಯಲ್ಲಿ ಖಾರಾ ಬನ್ ಕೇಳಿದೆ. ಕೌಂಟರಿನ ಹುಡುಗ ಬಹಳ ಪ್ರೀತಿಯಿಂದ, "ಮೇಯೋನೀಸ್ ಹಾಕ್ಲಾ ಸಾರ್? ಚೀಸ್?" ಅಂದ. ಬೇಡಪ್ಪಾ ಅಂದೆ. "ಎಲ್ರೂ ಅದನ್ನೇ ತಗೊಳ್ತಾರೆ ಸಾರ್" ಅಂದ. ತಗೊಳ್ಳಲಿ. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಸೇರಿಸಿ ನಾದಿದ ಬನ್ನಿಗೆ ಏನು ಕಮ್ಮಿಯಾಗಿದೆ ಅಂತ ಈ ಬಿಳಿ ಲೇಪ? ಅಂಗಡಿಯ ಮೇಲೆ 'ಅಯ್ಯಂಗಾರ್' ಅಂತ ಬೋರ್ಡು ಬೇರೆ. ಈಗ ಈ ಬೋರ್ಡು ಇಲ್ಲದ ಬೀದಿಯೇ ಇಲ್ಲ. ಕೆಲವು ಕಡೆ ಅದೇ ಬೋರ್ಡಿನ ಕೆಳಗೆ ಎಗ್ ಪಫ್ ಕೂಡ ಸಿಗುತ್ತದೆ.

ಹಾಸನದ ಕಡೆಯ ಎಚ್.ಎಸ್. ತಿರುಮಲಾಚಾರ್ ನೋಡಿದ್ದರೆ ಏನನ್ನುತ್ತಿದ್ದರೋ. 1898ರಲ್ಲಿ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ಶುರು ಮಾಡಿದವರು ಅವರು. ಎಲ್ಲರ ಬಾಯಲ್ಲಿ ಅದು ಬಿ.ಬಿ. ಬೇಕರಿ. ಮೊದಲು ಸಿಹಿತಿಂಡಿ ಮಾರುತ್ತಿದ್ದರಂತೆ. ಅಂಗಡಿಗೆ ಬರುತ್ತಿದ್ದ ಇಂಗ್ಲಿಷ್ ದೊರೆಯೊಬ್ಬ ಬ್ರೆಡ್ ಮಾಡುವುದನ್ನು ಹೇಳಿಕೊಟ್ಟ ಎನ್ನುತ್ತಾರೆ. ವಿದ್ಯೆ ಕಲಿತರು, ಮೊಟ್ಟೆ ಮಾತ್ರ ಮುಟ್ಟಲಿಲ್ಲ. ಆಮೇಲೆ ಹಾಸನದ ಹಳ್ಳಿಗಳಿಂದ ನೆಂಟರಿಷ್ಟರು ಒಬ್ಬರ ಹಿಂದೆ ಒಬ್ಬರು ಬಂದು, ಒಲೆ ಮುಂದೆ ಬೆವರಿ, ಊರೂರಿಗೆ ಅಯ್ಯಂಗಾರ್ ಬೇಕರಿ ಹಾಕಿದರು. ವಿ.ವಿ. ಪುರದ ವಿ.ಬಿ. ಬೇಕರಿ 1953ರದ್ದು. ಅಲ್ಲಿ ಬನ್ನಿಗೆ ಬೆಣ್ಣೆ ಸವರಿ ಕಾಂಗ್ರೆಸ್ ಕಡಲೆಕಾಯಿ, ಅಂದರೆ ಖಾರ ಹಚ್ಚಿದ ಹುರಿದ ಕಡಲೆಬೀಜ, ತುಂಬಿಕೊಡುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಬೆಣ್ಣೆ ಬೆಣ್ಣೆಯೇ.

ಅಂದಹಾಗೆ, 1898 ಬೆಂಗಳೂರಿಗೆ ಪ್ಲೇಗ್ ಬಂದ ವರ್ಷ. ಪೇಟೆಯ ಜನ ಮನೆ ಬಿಟ್ಟು ಓಡುತ್ತಿದ್ದ ಕಾಲ. ಎರಡೇ ವರ್ಷಕ್ಕೆ, 1900ರಲ್ಲಿ, ಪೇಟೆ ಪಕ್ಕದಲ್ಲೇ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಬ್ರೆಡ್ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕೇ ಅಂತ ನನಗೆ ಅನ್ನಿಸುತ್ತದೆ. ಇದು ಚರಿತ್ರೆಯಲ್ಲ, ನನ್ನ ಕುಹಕ. ಆದರೂ ನಮ್ಮ ಕಡೆ ಬ್ರೆಡ್ ಅಂದರೆ ಜ್ವರ ಅಂತಲೇ ಅರ್ಥವಿತ್ತು, ಅಲ್ವಾ? ಕೈಯಲ್ಲಿ ಬ್ರೆಡ್ ಹಿಡಿದು ಹೊರಟರೆ ದಾರಿಯಲ್ಲಿ ಸಿಕ್ಕವರು "ಯಾರಿಗೆ ಹುಷಾರಿಲ್ಲ?" ಎಂದೇ ಕೇಳುತ್ತಿದ್ದರು. ಅಂಥ ಸಪ್ಪೆ ಪದಾರ್ಥ ಖಾರಾ ಬನ್ ಆಗಿ ಬಾಯಲ್ಲಿ ನೀರೂರಿಸುವ ಹಾಗಾದದ್ದು ಹೇಗೆ ಅಂತ ಹೇಳೋಣ ಎಂದೇ ಬರೆಯಲು ಕೂತೆ. ಅಷ್ಟರಲ್ಲಿ ದೊಡ್ಡಪ್ಪ ನೆನಪಾದರು.

ದೊಡ್ಡಪ್ಪನಿಗೆ ಹರ್ನಿಯಾ ಆಪರೇಷನ್ ಆಗಿತ್ತು. ನೋಡಲು ಬಂದ ಪ್ರತಿಯೊಬ್ಬರ ಕೈಯಲ್ಲೂ ಒಂದು ಬ್ರೆಡ್ಡು. ಯಾರು ಒಂದು ಪೌಂಡಿನದು ತಂದರು, ಯಾರು ಅರ್ಧ ಪೌಂಡಿನಲ್ಲಿ ಮುಗಿಸಿದರು ಅಂತ ದೊಡ್ಡಮ್ಮ ಮನಸ್ಸಿನಲ್ಲೇ ಲೆಕ್ಕ ಇಡುತ್ತಿದ್ದರು. ಮುಯ್ಯಿ ತೀರಿಸಬೇಕಲ್ಲ! ಮಂಚದ ಪಕ್ಕದ ಬೀರು ತುಂಬಿದ ಮೇಲೆ ಅಕ್ಕಪಕ್ಕದ ರೋಗಿಗಳಿಗೆ ಹಂಚತೊಡಗಿದರು. ಅವರ ಬೀರುಗಳೂ ತುಂಬಿದ್ದವು. ಆದರೂ ಇಸಕೊಂಡರು, ತಮ್ಮದನ್ನು ಇನ್ನೊಬ್ಬರಿಗೆ ದಾಟಿಸಿದರು. ಹೀಗೆ ಇಡೀ ವಾರ್ಡಿನಲ್ಲಿ ಬ್ರೆಡ್ಡಿನ ಮೆರವಣಿಗೆ. ಸಂಜೆ ಎದುರು ಮಂಚದ ಅಜ್ಜಿ ದೊಡ್ಡ ಮನಸ್ಸು ಮಾಡಿ ಒಂದು ಪ್ಯಾಕೆಟ್ ಕೊಟ್ಟರು. ಅದರ ಮೂಲೆಯಲ್ಲಿ ನಮ್ಮ ಚಿಕ್ಕಪ್ಪ ಬೆಳಿಗ್ಗೆ ಬರೆದುಕೊಂಡಿದ್ದ ರೂಮ್ ನಂಬರ್ ಇತ್ತು.

ಊಟ ಮಾಡಬಹುದು ಅಂತ ಡಾಕ್ಟರು ಹೇಳಿದ್ದೇ ತಡ, ದೊಡ್ಡಪ್ಪ ನನ್ನನ್ನು ಹತ್ತಿರ ಕರೆದು, "ಕೆಳಗಿನ ಬೇಕರಿಯಿಂದ ಒಂದು ಖಾರಾ ಬನ್ ತಾರೋ" ಎಂದು ಪಿಸುಗುಟ್ಟಿದರು. ದೊಡ್ಡಮ್ಮನ ಕಿವಿ ಚುರುಕು. "ರಾಶಿ ಬ್ರೆಡ್ ಬಿದ್ದಿದೆಯಲ್ರೀ!"

"ಅದು ಕಾಯಿಲೆಯವರಿಗೆ ಕಣೇ" ಅಂದರು ದೊಡ್ಡಪ್ಪ, ಕೈಯಲ್ಲಿ ಡ್ರಿಪ್ ಸೂಜಿ ಇಟ್ಟುಕೊಂಡೇ.

ಡಿಸ್ಚಾರ್ಜ್ ಆದ ದಿನ ಅಷ್ಟೂ ಬ್ರೆಡ್ಡು ಆಟೋದಲ್ಲಿ ನಮ್ಮ ಜೊತೆಗೇ ಮನೆಗೆ ಬಂತು. ವಾರವಿಡೀ ಬೆಳಿಗ್ಗೆ ಬ್ರೆಡ್ ಉಪ್ಪಿಟ್ಟು. ನಾವ್ಯಾರೂ ಕಾಯಿಲೆ ಬಿದ್ದಿರಲಿಲ್ಲ, ಆದರೂ ತಿಂದೆವು. ದೊಡ್ಡಪ್ಪ ಮಾತ್ರ ಪಥ್ಯ ಅಂತ ಹೇಳಿ ತಪ್ಪಿಸಿಕೊಂಡರು.