ತಟ್ಟೆ ತೊಳೆದ ಕತೆ ಸಾಕು, ಇರಿಮಾಜಿರಿ ಕತೆ ಹೇಳಿ

ಎನ್‌ವಿಡಿಯಾ ಎಂಬ ಅಮೆರಿಕದ ಚಿಪ್ ಕಂಪನಿಯ ಷೇರು ಏರಿದಾಗಲೆಲ್ಲ ವಾಟ್ಸಾಪಿಗೆ ಒಂದೇ ಫಾರ್ವರ್ಡ್ ಬರುತ್ತದೆ. ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದ ಹುಡುಗ ಇವತ್ತು ಎಲ್ಲಿದ್ದಾನೆ ನೋಡಿ, ಕಷ್ಟಪಟ್ಟರೆ ನೀವೂ ಆಗಬಹುದು. ಕೊನೆಗೆ ಕೈ ಮುಗಿಯುವ ಇಮೋಜಿ.

ಸುಳ್ಳೇನಲ್ಲ. ಆ ಹುಡುಗ, ಅಂದರೆ ಎನ್‌ವಿಡಿಯಾ ಕಟ್ಟಿದ ಜೆನ್ಸನ್ ಹುವಾಂಗ್, ಹುಟ್ಟಿದ್ದು 1963ರಲ್ಲಿ, ತೈವಾನಿನಲ್ಲಿ. ಚಿಕ್ಕ ವಯಸ್ಸಿಗೇ ಅಪ್ಪ ಅಮ್ಮ ಮಕ್ಕಳನ್ನು ಅಮೆರಿಕಕ್ಕೆ ಕಳಿಸಿದರು. ಕೆಂಟಕಿಯ ಹಾಸ್ಟೆಲ್ ಶಾಲೆಯಲ್ಲಿ ಇವರ ಪಾಲಿಗೆ ಬಂದ ಕೆಲಸ ಕಕ್ಕಸು ತೊಳೆಯುವುದು. ಆಮೇಲೆ ಡೆನ್ನಿಸ್ ಹೋಟೆಲಿನಲ್ಲಿ ತಟ್ಟೆ ತೊಳೆದಿದ್ದೂ ನಿಜ. ಆದರೆ ಆ ಕಾಲಕ್ಕೆ ತಟ್ಟೆ ತೊಳೆದವರು ಸಾವಿರಾರು ಜನ ಇದ್ದರು, ಅಲ್ವಾ? ಅವರೆಲ್ಲ ಚಿಪ್ ಕಂಪನಿ ಕಟ್ಟಲಿಲ್ಲ.

1993ರಲ್ಲಿ ಇಬ್ಬರು ಗೆಳೆಯರ ಜೊತೆ ಸೇರಿ ಹುವಾಂಗ್ ಎನ್‌ವಿಡಿಯಾ ಶುರು ಮಾಡಿದರು. ಮೊದಲ ಚಿಪ್ಪೇ ಮುಗ್ಗರಿಸಿತು. ಕಂಪ್ಯೂಟರ್ ಪರದೆಯ ಮೇಲೆ ಮೂರು ಆಯಾಮದ ಚಿತ್ರವನ್ನು ಇವರು ನಾಲ್ಕು ಮೂಲೆಯ ತುಂಡುಗಳಿಂದ ಕಟ್ಟಲು ಹೊರಟಿದ್ದರು. ಅಷ್ಟರಲ್ಲಿ ಮೈಕ್ರೋಸಾಫ್ಟ್ ತ್ರಿಕೋನವೇ ಸರಿ ಅಂದಿತು, ಮಾರುಕಟ್ಟೆಯೂ ಅದರ ಹಿಂದೆ ಹೋಯಿತು. ಆ ಹೊತ್ತಿಗೆ ವಿಡಿಯೋ ಗೇಮ್ ಕಂಪನಿ ಸೇಗಾಗೆ ಇದೇ ಹಳೇ ದಾರಿಯಲ್ಲಿ ಚಿಪ್ ಮಾಡಿಕೊಡುವ ಒಪ್ಪಂದ ಕೈಯಲ್ಲಿತ್ತು. ಮಾಡಿಕೊಟ್ಟರೆ ಹಿಂದೆ ಬೀಳುತ್ತಾರೆ, ಬಿಟ್ಟರೆ ದುಡ್ಡಿಲ್ಲ.

ಹುವಾಂಗ್ ಸೀದಾ ಸೇಗಾದ ಹಿರಿಯ ಅಧಿಕಾರಿ ಶೋಯಿಚಿರೊ ಇರಿಮಾಜಿರಿ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದರು. ನಮ್ಮ ದಾರಿ ತಪ್ಪು, ಈ ಚಿಪ್ ಮುಗಿಸೋದರಲ್ಲಿ ಅರ್ಥವಿಲ್ಲ, ನೀವು ಬೇರೆಯವರನ್ನು ನೋಡಿಕೊಳ್ಳಿ. ಆದರೆ ಬಾಕಿ ದುಡ್ಡು ಕೊಡಿ, ಇಲ್ಲದಿದ್ದರೆ ನಾವು ಬಾಗಿಲು ಮುಚ್ಚುತ್ತೇವೆ.

ಎಂಥ ಕೋರಿಕೆ ನೋಡಿ! ಮಾಲು ಕೊಡಲ್ಲ, ದುಡ್ಡು ಮಾತ್ರ ಕೊಡಿ.

ಇರಿಮಾಜಿರಿ ಮೊದಲು ಹೋಂಡಾದಲ್ಲಿ ರೇಸ್ ಬೈಕುಗಳ ಎಂಜಿನ್ ಮಾಡಿದ್ದ ಮನುಷ್ಯ. ಕೆಟ್ಟುಹೋದ ಯಂತ್ರ ಅವರಿಗೆ ಹೊಸದೇನಲ್ಲ. ಒಪ್ಪಿದರು. 50 ಲಕ್ಷ ಡಾಲರ್ ಷೇರು ಬಂಡವಾಳವಾಗಿ ಬಂತು. ಅದರಿಂದ ಸುಮಾರು ಆರು ತಿಂಗಳು ಉಸಿರಾಡಲು ಜಾಗ ಸಿಕ್ಕಿತು. ಹುವಾಂಗ್ ತಮ್ಮ ಕಂಪನಿಯ ಅರ್ಧಕ್ಕಿಂತ ಜಾಸ್ತಿ ಜನರನ್ನು ಕೆಲಸದಿಂದ ತೆಗೆದರು. ಮಾದರಿ ಚಿಪ್ ಮಾಡಿ ಪರೀಕ್ಷಿಸಲು ಸಮಯವಿಲ್ಲದೆ ಎಮ್ಯುಲೇಟರ್, ಅಂದರೆ ಚಿಪ್ಪಿನ ನಕಲು ಮಾಡುವ ಯಂತ್ರದ ಮೇಲೆಯೇ ಪರೀಕ್ಷೆ ಮುಗಿಸಿ, ನೇರವಾಗಿ ತಯಾರಿಕೆಗೆ ಕಳಿಸಿದರು. 1997ರ ರಿವಾ 128 ಚಿಪ್ ಬಂದಿದ್ದು ಹೀಗೆ. ಕಂಪನಿ ಉಳಿದಿದ್ದೂ ಹೀಗೆಯೇ. ಜಿಫೋರ್ಸ್ ಚಿಪ್ಪುಗಳು, ಕೂಡಾ (CUDA) ಎಂಬ ಸಾಫ್ಟ್‌ವೇರ್, ಇವತ್ತಿನ ಎಐ ಎಲ್ಲ ಆಮೇಲಿನ ಮಾತು.

ಹುವಾಂಗ್ ಇದನ್ನು ಮುಚ್ಚಿಟ್ಟಿಲ್ಲ. 2023ರಲ್ಲಿ ತೈಪೆಯ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದ ಹುಡುಗರ ಮುಂದೆ ಇರಿಮಾಜಿರಿ ಹೆಸರು ಹಿಡಿದೇ ಹೇಳಿದರು. ಕತ್ತರಿ ಹಾಕುವವರು ನಾವು. ತಟ್ಟೆ ಉಳಿಸಿಕೊಂಡು ಇರಿಮಾಜಿರಿಯನ್ನು ಬಿಟ್ಟುಬಿಡುತ್ತೇವೆ. ಯಾಕಂದರೆ ತಟ್ಟೆ ಕತೆಯಿಂದ ನಮಗೇನೂ ಖರ್ಚಿಲ್ಲ. ಹುಡುಗರಿಗೆ ಸುಮ್ನೆ ಕಷ್ಟಪಡಿ ಅಂತ ಉಪದೇಶ ಮಾಡಿದರೆ ಮುಗಿಯಿತು.

ಬೆಂಗಳೂರಿನಲ್ಲಿ ನಾಲ್ಕೈದು ಜನರ ಸಾಫ್ಟ್‌ವೇರ್ ಕಂಪನಿ ನಡೆಸುವವರನ್ನು ಕೇಳಿ ನೋಡಿ. ನನ್ನ ಗೆಳೆಯನೊಬ್ಬ ಹೇಳಿದ ಕೆಲಸ ಹೇಳಿದ ದಿನಕ್ಕೇ ಮುಗಿಸಿಕೊಟ್ಟಿದ್ದ. ಆದರೂ ಬಿಲ್ ಪಾಸ್ ಮಾಡಿಸಲು ದೊಡ್ಡ ಕಂಪನಿಯೊಂದರ ಅಕೌಂಟ್ಸ್‌ನವರಿಗೆ ತಿಂಗಳುಗಟ್ಟಲೆ ಫೋನ್ ಮಾಡಿದ. ಸಾರ್ ಮೀಟಿಂಗಲ್ಲಿದ್ದಾರೆ, ಮುಂದಿನ ವಾರ ನೋಡೋಣ. ಅದೇ ಕಂಪನಿಯವರು ವೇದಿಕೆ ಹತ್ತಿದರೆ ಭಾರತದಲ್ಲಿ ಯಾಕೆ ಎನ್‌ವಿಡಿಯಾ ಹುಟ್ಟಲಿಲ್ಲ ಅಂತ ಕೇಳುತ್ತಾರೆ.

ಇರಿಮಾಜಿರಿಯನ್ನು ದೇವರು ಮಾಡಬೇಕಾಗಿಲ್ಲ. ಸೇಗಾ ದಾನ ಮಾಡಲಿಲ್ಲ, ಷೇರು ತಗೊಂಡಿತ್ತು. ಮುಂದೆ ಅದನ್ನು ಸುಮಾರು ಒಂದೂವರೆ ಕೋಟಿ ಡಾಲರಿಗೆ ಮಾರಿತು. ಹಾಕಿದ್ದಕ್ಕೆ ಮೂರು ಪಟ್ಟು. ಮಾರಿದ್ದು ಸ್ವಲ್ಪ ಬೇಗ ಆಯಿತು, ಅಷ್ಟೇ.