ಊರಿನವರೇ ನಡೆಸುವ ಕೆಲಸಕ್ಕೆ ಕ್ರೈಸ್ತ ಸೇವಾ ಸಂಸ್ಥೆ ಇಷ್ಟು ದೊಡ್ಡದಾಗಿ ಬೆಳೆಯಬೇಕಾ?

ಪರ: ಬೆಳೆಯಲೇಬೇಕು

ಪಶ್ಚಿಮ ಆಫ್ರಿಕಾದ ನೈಜರ್ ದೇಶದ ಮರಾಡಿ ಪ್ರಾಂತ್ಯದಲ್ಲಿ ಆಸ್ಟ್ರೇಲಿಯಾದ ಕೃಷಿ ತಜ್ಞ ಟೋನಿ ರಿನಾಡೊ ಎಸ್‌ಐಎಂ ಎಂಬ ಮಿಷನರಿ ಸಂಸ್ಥೆಯ ಪರವಾಗಿ ಸಸಿ ನೆಡಿಸುತ್ತಿದ್ದರು. ನೆಟ್ಟದ್ದರಲ್ಲಿ ಬಹುಪಾಲು ಒಣಗಿ ಹೋಗುತ್ತಿತ್ತು. 1983ರಲ್ಲಿ ಅವರು ಹೊಲಗಳಲ್ಲಿದ್ದ ಪೊದೆಗಳನ್ನು ಹತ್ತಿರದಿಂದ ನೋಡಿದರು. ಅವೆಲ್ಲ ಹಿಂದೆ ಕಡಿದ ಮರಗಳ ಮೋಟಿನಿಂದ ಎದ್ದ ಚಿಗುರುಗಳು, ನಮ್ಮ ಕಬ್ಬಿನ ಕೂಳೆಯ ಹಾಗೆ, ಬೇರು ಇನ್ನೂ ಜೀವಂತ. ಗಟ್ಟಿಯಾದ ಕೆಲವು ಚಿಗುರು ಉಳಿಸಿ ಮಿಕ್ಕದ್ದನ್ನು ಸವರಿ, ದನ ಮೇಯದಂತೆ ಕಾಯ್ದರೆ ಕೆಲವೇ ವರ್ಷದಲ್ಲಿ ಮರ. ನರ್ಸರಿ ಬೇಡ, ಗುಂಡಿ ತೋಡುವುದು ಬೇಡ, ಖರ್ಚೂ ಇಲ್ಲವೇ ಇಲ್ಲ ಅನ್ನಬಹುದು.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ನೈಜರ್‌ನ ಸುಮಾರು 50 ಲಕ್ಷ ಹೆಕ್ಟೇರ್ ಹೊಲದಲ್ಲಿ ರೈತರು ಹೀಗೆ ಮರ ಉಳಿಸಿಕೊಂಡರು. ಒಟ್ಟು 20 ಕೋಟಿ ಮರ ಎಂಬ ಅಂದಾಜಿದೆ. ಗಾಳಿ, ಮರಳಿನ ಹೊಡೆತ ತಗ್ಗಿತು, ಸಜ್ಜೆ ಉಳಿಯಿತು, ಸೌದೆ ಹೊಲದಲ್ಲೇ ಸಿಕ್ಕಿತು.

ಇಂಥ ತಿಳಿವಳಿಕೆ ಮರಾಡಿಯಲ್ಲೇ ಉಳಿದಿದ್ದರೆ ಏನು ಪ್ರಯೋಜನ? ರಿನಾಡೊ 1999ರಲ್ಲಿ ವರ್ಲ್ಡ್ ವಿಷನ್ ಸೇರಿದರು. 1950ರಲ್ಲಿ ಶುರುವಾದ ಈ ಕ್ರೈಸ್ತ ಸಂಸ್ಥೆ ಈಗ ನೂರರ ಹತ್ತಿರ ದೇಶಗಳಲ್ಲಿದೆ. ಅದು ಅಷ್ಟು ದೊಡ್ಡದಾಗಿದ್ದರಿಂದಲೇ ಈ ವಿಧಾನ ಇಥಿಯೋಪಿಯಾದ ಹುಂಬೊ ಬೆಟ್ಟಗಳಿಗೆ ಹೋಯಿತು. ಅಲ್ಲಿ 2,728 ಹೆಕ್ಟೇರ್ ಬೋಳು ಬೆಟ್ಟದ ಹೊಣೆಯನ್ನು ಊರಿನವರ ಏಳು ಸಹಕಾರ ಸಂಘಗಳು ಹೊತ್ತವು, ಕಾಡು ಮತ್ತೆ ಎದ್ದಿತು, 2009ರಲ್ಲಿ ಅದು ವಿಶ್ವಸಂಸ್ಥೆಯ ಇಂಗಾಲ ಯೋಜನೆಯಾಗಿ ನೋಂದಣಿಯಾಯಿತು, ಆ ಮರಗಳು ಗಾಳಿಯಿಂದ ಹೀರಿಕೊಂಡ ಇಂಗಾಲದ ಲೆಕ್ಕಕ್ಕೆ ವಿಶ್ವ ಬ್ಯಾಂಕಿನ ನಿಧಿಯೊಂದು ಸಂಘಗಳಿಗೆ ಹಣ ಕೊಟ್ಟಿತು. ಇಂಗಾಲ ಅಳೆಯುವುದು, ಜಮೀನಿನ ಕಾಗದ ಮಾಡಿಸುವುದು, ಒಪ್ಪಂದದ ಮಾತುಕತೆ, ಇದನ್ನೆಲ್ಲ ಬೆಟ್ಟದ ಬುಡದ ರೈತರು ಒಬ್ಬರೇ ಮಾಡಿಕೊಳ್ಳಲು ಆಗುತ್ತಿತ್ತಾ? ಅಧಿಕಾರಿಗಳ ಬಾಗಿಲು ಸಣ್ಣ ಸಂಸ್ಥೆಗೆ ಸುಮ್ನೆ ತೆರೆಯುವುದಿಲ್ಲ.

ಇನ್ನು ಧರ್ಮದ ಮಾತು. ಯೋಜನೆ ಮುಗಿದ ಮೇಲೂ ಚರ್ಚ್ ಊರಲ್ಲೇ ಇರುತ್ತದೆ. ಉಗಾಂಡಾದ ಸೊರೊಟಿ ಕಡೆ ಬ್ರಿಟನ್ನಿನ ಟಿಯರ್‌ಫಂಡ್ ಸಂಸ್ಥೆ ಸ್ಥಳೀಯ ಚರ್ಚುಗಳ ಮೂಲಕವೇ ಜನರನ್ನು ಕೂರಿಸಿ, ಹೊರಗಿನಿಂದ ಏನು ಬರುತ್ತದೆ ಅಂತ ಕೇಳುವ ಮೊದಲು ನಮ್ಮಲ್ಲಿ ಏನಿದೆ ಅಂತ ಲೆಕ್ಕ ಹಾಕಿಸುತ್ತದೆ. ಇದು ನನಗೆ ತುಂಬಾ ಹಿಡಿಸಿದ ಕ್ರಮ.

ವಿರೋಧ: ಬೆಳೆದಷ್ಟೂ ಊರಿನಿಂದ ದೂರ

ಅದೇ ನೈಜರ್‌ಗೆ ಹೋಗೋಣ. ಮೇಲಿನ ವಾದ 1984ರ ಬರವನ್ನು ಬಿಟ್ಟುಬಿಟ್ಟಿದೆ. ಆಗ ಎಸ್‌ಐಎಂ ಹಸಿದವರಿಗೆ ಧಾನ್ಯ ಕೊಟ್ಟಿತು, ಬದಲಿಗೆ ಹೆಕ್ಟೇರಿಗೆ 40 ಮರ ಉಳಿಸಬೇಕು ಅಂದಿತು. ಸುಮಾರು 5 ಲಕ್ಷ ಮರಗಳು ಉಳಿದವು. ಬರ ಮುಗಿದು ಧಾನ್ಯ ಹಂಚುವುದು ನಿಂತದ್ದೇ ತಡ, ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಮರಗಳು ನೆಲಕ್ಕೆ ಬಿದ್ದವು. ಇದನ್ನು ರಿನಾಡೊ ಅವರೇ ಬರೆದಿದ್ದಾರೆ. ಹೊರಗಿನ ಸರಕು ಕೊಟ್ಟು ಮಾಡಿಸಿದ ಕೆಲಸ ಸರಕು ಇರುವವರೆಗೆ ಮಾತ್ರ ನಡೆಯಿತು. ಮರದಿಂದ ಆಗುವ ಲಾಭವನ್ನು ಕಣ್ಣಾರೆ ಕಂಡ ರೈತರು ಮಾತ್ರ ಮರ ಉಳಿಸಿಕೊಂಡರು, ಅಕ್ಕಪಕ್ಕದವರು ಅವರ ಹೊಲ ನೋಡಿ ಕಲಿತರು.

ಇನ್ನೊಂದು ಕಾರಣವಂತೂ ಯಾವ ಸಂಸ್ಥೆಯ ಹಣಕ್ಕೂ ಸಂಬಂಧವಿಲ್ಲದ್ದು. ಫ್ರೆಂಚರ ಆಳ್ವಿಕೆಯಿಂದ ಬಂದ ಕಾನೂನಿನ ಪ್ರಕಾರ ಆಗ ಹೊಲದ ಮರ ಸರ್ಕಾರದ್ದಾಗಿತ್ತು. ತನ್ನ ಹೊಲದ ಕೊಂಬೆ ಕಡಿದರೂ ರೈತನಿಗೆ ದಂಡ ಬೀಳುತ್ತಿತ್ತು. ಹಾಗಿದ್ದ ಮೇಲೆ ಚಿಗುರನ್ನು ಯಾರು ಬೆಳೆಸುತ್ತಾರೆ, ಹೇಳಿ? ಅರಣ್ಯ ಕಾವಲುಗಾರರು ಕೈ ಸಡಿಲ ಬಿಟ್ಟ ಮೇಲೆ, ಈ ಮರ ನನ್ನದು ಎಂಬ ಧೈರ್ಯ ಬಂದ ಮೇಲೆ, ಹಸಿರು ಹರಡಿತು. ಆ 50 ಲಕ್ಷ ಹೆಕ್ಟೇರಿನ ಬಹುಭಾಗದಲ್ಲಿ ಯಾವ ಯೋಜನೆಯೂ ಕಾಲಿಟ್ಟಿರಲಿಲ್ಲ. ಪಕ್ಕದ ಜಿಂಡರ್ ಪ್ರಾಂತ್ಯದ ರೈತರು ಹೆಚ್ಚುಕಡಿಮೆ ತಾವಾಗಿಯೇ ಮಾಡಿಕೊಂಡರು.

ಈಗ ಬೆಳೆದ ಸಂಸ್ಥೆಯನ್ನು ನೋಡಿ. ಹಣ ಕೊಡುವವರಿಗೆ ಇಂತಿಷ್ಟು ವರ್ಷದಲ್ಲಿ ಲೆಕ್ಕ ಬೇಕು. ವರದಿ ಊರಿನವರು ಓದದ ಭಾಷೆಯಲ್ಲಿ ಹೋಗುತ್ತದೆ. ಓದಿಕೊಂಡ ಹುಡುಗರು ಹೊಲ ಬಿಟ್ಟು ಸಂಸ್ಥೆಯ ಕೆಲಸಕ್ಕೆ ಸೇರುತ್ತಾರೆ. ಮಗುವಿನ ಫೋಟೊ ತೋರಿಸಿ ತಿಂಗಳ ದೇಣಿಗೆ ಎತ್ತುವ ಪದ್ಧತಿಯಂತೂ ನನಗೆ ನೋವು ಕೊಡುತ್ತದೆ. ಆ ಮಗುವಿನ ತಂದೆ ಇಡೀ ಹೊಲವನ್ನು ಕೈಯಾರೆ ಹಸಿರು ಮಾಡಿರಬಹುದು, ಆದರೂ ದೂರದ ದಾನಿಗೆ ಅವನು ಕಾಣುವುದೇ ಇಲ್ಲ.

ಚರ್ಚ್ ಊರಲ್ಲೇ ಇರುತ್ತದೆ ಎಂಬ ಮಾತು ಸೊರೊಟಿಗೆ ಸರಿ. ನೈಜರ್‌ನಲ್ಲಿ ಬಹುತೇಕ ಎಲ್ಲರೂ ಮುಸ್ಲಿಮರು. ವರ್ಲ್ಡ್ ವಿಷನ್ನಿನ ಅಮೆರಿಕ ಶಾಖೆ ಕ್ರೈಸ್ತರನ್ನೇ ಕೆಲಸಕ್ಕೆ ಇಟ್ಟುಕೊಳ್ಳಬಹುದು ಎಂದು 2010ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಕಾನೂನಿಗೆ ಅದು ಸರಿಯಿರಬಹುದು. ಆದರೆ ಹಣ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನವಾಗುವ ಆ ಕಚೇರಿಯಲ್ಲಿ ಮರಾಡಿಯ ರೈತನಂಥವನಿಗೆ ಎಂದೂ ಕುರ್ಚಿ ಇಲ್ಲ ಅಂದರೆ, ಊರೇ ಮುಂದಾಳು ಎಂಬ ಮಾತಿಗೆ ಬೆಲೆ ಎಲ್ಲಿ?

ಹುಂಬೊ ಒಳ್ಳೆಯ ಕೆಲಸ, ಒಪ್ಪುತ್ತೇನೆ. ಆದರೆ ದೇಶಗಳ ಪಟ್ಟಿ ಉದ್ದ ಮಾಡುವ ಮೊದಲು ಸಂಸ್ಥೆಗಳು ಒಂದು ಲೆಕ್ಕ ಕೊಡಲಿ: ಯಾವ ಯಾವ ಊರುಗಳಿಂದ ಹೊರಬಂದಿದ್ದೇವೆ, ಬಂದು ಐದು ವರ್ಷವಾದ ಮೇಲೆ ಅಲ್ಲಿ ಎಷ್ಟು ಮರ ನಿಂತಿವೆ, ಅವುಗಳ ಹಕ್ಕು ಯಾರ ಹೆಸರಿನಲ್ಲಿದೆ.