ಓದಿ ಹೋದವರೇ ನಡೆಸುವ ಶಿಬಿರ

ಹಲವು ದೇಶಗಳಲ್ಲಿರುವ ವಸತಿ ಶಾಲೆಗಳಾದ ಯುನೈಟೆಡ್ ವರ್ಲ್ಡ್ ಕಾಲೇಜುಗಳ ಬೇಸಿಗೆ ಶಿಬಿರಗಳಿಗೆ ಅಲ್ಲಿನ ಹಳೆ ವಿದ್ಯಾರ್ಥಿಗಳೇ ರಜೆ ಹಾಕಿ ಬಂದು ಕೈಜೋಡಿಸುತ್ತಾರೆ ಎಂಬ ನಿಮ್ಮ ಬರಹ ಓದಿ ತುಂಬಾ ಖುಷಿಯಾಯಿತು. 1962ರಲ್ಲಿ ವೇಲ್ಸ್‌ನಲ್ಲಿ ಶಿಕ್ಷಣತಜ್ಞ ಕರ್ಟ್ ಹಾನ್ ಕನಸಿನ ಮೊದಲ ಕಾಲೇಜು ಶುರುವಾಗಿದ್ದೇ ಬೇರೆ ಬೇರೆ ದೇಶದ ಮಕ್ಕಳು ಒಂದೇ ಸೂರಿನಡಿ ಬದುಕಿ ಕಲಿಯಲಿ ಎಂದು. 1997ರಲ್ಲಿ ಪುಣೆ ಬಳಿ ಮಹೀಂದ್ರಾ ಕಾಲೇಜು ಬಂದಿದ್ದೂ ಅದೇ ಆಸೆಯಿಂದ.

ನಮ್ಮಕ್ಕನ ಮಗಳು ಅಲ್ಲೇ ಓದಿದವಳು. ಆಮೇಲೆ ಇಂಥದ್ದೊಂದು ಶಿಬಿರಕ್ಕೆ ಸ್ವಯಂಸೇವಕಿಯಾಗಿ ಹೋಗಿದ್ದಳು. ಮೊದಲ ರಾತ್ರಿ ಮೆಸ್‌ನಲ್ಲಿ ಒಬ್ಬ ಹುಡುಗ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದನಂತೆ. ಇವಳು ಸಮಾಧಾನ ಹೇಳಲು ಹೋಗಲಿಲ್ಲ. ಪಕ್ಕದಲ್ಲಿ ಕೂತು, "ಬೆಳಿಗ್ಗೆ ಚರ್ಚೆಗೆ ಕುರ್ಚಿ ಜೋಡಿಸೋಕೆ ನನ್ ಜೊತೆ ಬರ್ತೀಯಾ?" ಅಂದಳು. ಮರುದಿನ ಎಲ್ಲರಿಗಿಂತ ಮುಂಚೆ ಬಂದು ನಿಂತಿದ್ದ! ಹಾಸ್ಟೆಲಿನ ಮೊದಲ ವಾರವನ್ನು ತಾವೇ ಕಳೆದವರಿಗೆ ಮಾತ್ರ ಇಂಥದ್ದು ಹೊಳೆಯೋದು.

ಆದರೂ ಪ್ರೀತಿಯೊಂದೇ ಸಾಲದು. ಹದಿಹರೆಯದ ಮಕ್ಕಳ ಹೊಣೆಯನ್ನು ಇಪ್ಪತ್ತರ ಆಸುಪಾಸಿನವರಿಗೆ ಒಪ್ಪಿಸುವಾಗ ಮಕ್ಕಳ ಸುರಕ್ಷತೆಯ ತರಬೇತಿ ಕೊಡಲೇಬೇಕು, ರಾತ್ರಿ ಹೊತ್ತು ಹಿರಿಯರೊಬ್ಬರು ಇರಲೇಬೇಕು. ಹಾಗೆಯೇ ಸ್ವಯಂಸೇವಕರ ಪ್ರಯಾಣದ ಖರ್ಚನ್ನು ಶಿಬಿರವೇ ನೋಡಿಕೊಳ್ಳಲಿ. ಇಲ್ಲದಿದ್ದರೆ ಅನುಕೂಲಸ್ಥರ ಮನೆಯವರಷ್ಟೇ ಮರಳಿ ಬರುತ್ತಾರೆ. ವಿದ್ಯಾರ್ಥಿವೇತನದಲ್ಲಿ ಓದಿ, ಸಣ್ಣ ಊರಿನಿಂದ ಬಂದವರ ಕಷ್ಟ ಬಲ್ಲ ಅಕ್ಕ, ಅಣ್ಣಂದಿರೇ ಈ ಮಕ್ಕಳಿಗೆ ಹೆಚ್ಚು ಬೇಕಾದವರು.

ಅರ್ಜಿ ಹಾಕುವುದು ಹೇಗೆ, ಶುಲ್ಕ ವಿನಾಯಿತಿ ಯಾರಿಗೆ ಸಿಗುತ್ತದೆ ಎಂದು ಮುಂದಿನ ಬರಹದಲ್ಲಿ ದಯವಿಟ್ಟು ತಿಳಿಸಿ. ಹಾಸನ, ರಾಯಚೂರಿನ ಪೋಷಕರಿಗೂ ಅನುಕೂಲವಾಗುತ್ತದೆ.